ಓದುಗರ ಪ್ರಶ್ನೆ: ಒಬ್ಬರೇ ವಿದೇಶಕ್ಕೆ ಹೋಗಿ ಬರುವುದು, ಬಂದ ಮೇಲಿನ ಬದುಕು

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಯೆಟ್ನಾಂ ಬಗ್ಗೆ. ಕಾಫಿ ಮನೆಯ ಮಕ್ಕಳಿಗೆ ಆ ದೇಶದ ಮೇಲೆ ಕಣ್ಣು ಹೋಗುವುದು ಸಹಜ. ರೊಬಸ್ಟಾ ಜಾತಿಯ ಕಾಫಿ ಬೆಳೆಯಲ್ಲಿ ಜಗತ್ತಿಗೆ ಮೊದಲ ಸ್ಥಾನ ಅದರದ್ದೇ. ಹೊರಡುವವರಷ್ಟೇ ಸಂಖ್ಯೆಯಲ್ಲಿ ಹೋಗಿ ಬಂದವರೂ ಬರೆದಿದ್ದಾರೆ. ಟಿಕೆಟ್, ವೀಸಾಕ್ಕೆ ತಲೆ ಕೆಡಿಸಿಕೊಳ್ಳುವವರು ಹಿಂತಿರುಗಿದ ಮೇಲಿನ ತಿಂಗಳುಗಳಿಗೆ ಏನೂ ತಯಾರಿ ಮಾಡಿಕೊಂಡಿರುವುದಿಲ್ಲ. ಆದ್ದರಿಂದ ಎರಡೂ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನನಗೆ 23 ವರ್ಷ. ನವೆಂಬರ್ ಕೊನೆಗೆ ಒಬ್ಬಳೇ ಒಂದು ತಿಂಗಳು ವಿಯೆಟ್ನಾಂಗೆ ಹೋಗುವ ಆಸೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಮಾರ್ಕ್ಸ್‌ಕಾರ್ಡ್‌ನಲ್ಲಿ ಮನೆ ಹೆಸರು ಬರೀ ಇನಿಶಿಯಲ್ ಆಗಿದೆ, ಆಧಾರ್‌ನಲ್ಲಿ ಪೂರ್ತಿ ಇದೆ. ತೊಂದರೆಯೇ?
(ಓದುಗಿ, ನಾಪೋಕ್ಲು)

ಹಾಗೇ ಬಿಟ್ಟರೆ ತೊಂದರೆಯೇ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ನಮ್ಮಲ್ಲಿ ಮನೆ ಹೆಸರು ಮೊದಲು ಬಂದು ಸ್ವಂತ ಹೆಸರು ಕೊನೆಗೆ ಬರುವುದರಿಂದ ಯಾವುದನ್ನು ಯಾವ ಖಾನೆಗೆ ಹಾಕುವುದೆಂದು ಅನೇಕರು ತಡವರಿಸುತ್ತಾರೆ. ಮನೆ ಹೆಸರು ಸರ್‌ನೇಮ್ ಖಾನೆಗೆ, ಉಳಿದದ್ದು ಗಿವನ್ ನೇಮ್ ಖಾನೆಗೆ ಹಾಕಿ. ಸರ್‌ನೇಮ್ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ ಮುಂದೆ ಪ್ರತಿ ಟಿಕೆಟ್, ಪ್ರತಿ ವೀಸಾ ಅರ್ಜಿಯಲ್ಲೂ ಆ ಖಾಲಿ ಜಾಗ ಕಾಡುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಇರಲಿ. 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1500 ರೂಪಾಯಿ, ತತ್ಕಾಲ್ ಆದರೆ 2000 ಹೆಚ್ಚು. ವಿಳಾಸಕ್ಕೆ ನೀವು ಈಗ ನಿಜವಾಗಿ ವಾಸವಿರುವ ಮನೆಯನ್ನೇ ಕೊಡಿ. ಊರಿನ ವಿಳಾಸ ಕೊಟ್ಟು ಬೆಂಗಳೂರಿನ ಪಿಜಿಯಲ್ಲಿದ್ದರೆ, ಠಾಣೆಯಿಂದ ವಿಚಾರಣೆಗೆ ಬಂದಾಗ ನೀವು ಸಿಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ವಿಯೆಟ್ನಾಂಗೆ ಇ-ವೀಸಾ ಸಾಕು. 2023ರ ಆಗಸ್ಟ್ 15ರಿಂದ ಅದರ ಅವಧಿ 90 ದಿನಗಳವರೆಗೆ ಸಿಗುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ವಿಎನ್’ ಇರುವ ಸರ್ಕಾರಿ ಜಾಲತಾಣದಲ್ಲಿ ಮಾತ್ರ ಅರ್ಜಿ ಹಾಕಿ. ಗೂಗಲ್‌ನಲ್ಲಿ ಮೇಲ್ಗಡೆ ಬರುವ ಹಲವು ತಾಣಗಳು ಏಜೆಂಟರವು, ಅದೇ ಕೆಲಸಕ್ಕೆ ಎರಡು-ಮೂರು ಪಟ್ಟು ಹಣ ಕೀಳುತ್ತವೆ. ಅರ್ಜಿ ಹೆಚ್ಚಾಗಿ ಕೆಡುವುದು ಪಾಸ್‌ಪೋರ್ಟ್ ಪುಟದ ಫೋಟೋದಲ್ಲಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಳಿ ಗೆರೆ ಬಿದ್ದು, ಪುಟದ ತಳದಲ್ಲಿರುವ ಬಾಣದ ಗುರುತುಗಳ ಎರಡು ಸಾಲು ಓದಲು ಬಾರದಂತಾಗುತ್ತದೆ. ಹಗಲು ಹೊತ್ತು ಕಿಟಕಿಯ ಪಕ್ಕದಲ್ಲಿಟ್ಟು ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹೆಸರು ತುಂಬುವಾಗ ಆ ಎರಡು ಸಾಲುಗಳನ್ನು ನೋಡಿಕೊಂಡೇ ತುಂಬಿ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲನೆಯದು ಅಕ್ಷರ, ಉಳಿದ ಏಳೂ ಅಂಕಿ ಎಂಬುದು ನೆನಪಿರಲಿ. ಸೊನ್ನೆಯ ಬದಲು ‘ಓ’ ಒತ್ತಿದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಹೊಸ ಅರ್ಜಿಯೇ ಗತಿ. ಮೂರು ಕೆಲಸದ ದಿನ ಎನ್ನುತ್ತಾರೆ, ನೀವು ಮೂರು ವಾರ ಮುಂಚೆ ಹಾಕಿ. ಬಂದ ವೀಸಾವನ್ನು ಎರಡು ಪ್ರತಿ ಪ್ರಿಂಟ್ ಮಾಡಿಸಿ. ವಾಪಸ್ ಟಿಕೆಟ್ ಕೈಯಲ್ಲಿರಲಿ, ಅದನ್ನು ಕೇಳುವುದು ಹೆಚ್ಚಾಗಿ ಇಲ್ಲಿನ ವಿಮಾನ ಕೌಂಟರಿನವರೇ.

ನವೆಂಬರ್ ಕೊನೆ ಒಳ್ಳೆಯ ಆಯ್ಕೆ. ಅಲ್ಲಿನ ಕಾಫಿ ಸೀಮೆಯ ಊರು ಬುವಾನ್ ಮಾ ತುವೋಟ್ ಸುತ್ತ ಆಗ ಕೊಯ್ಲು ಜೋರಾಗಿರುತ್ತದೆ, ನಮ್ಮ ರೊಬಸ್ಟಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಹುತ್ತರಿ ಯಾವತ್ತು ಬಿದ್ದಿದೆ ನೋಡಿಕೊಂಡು ಟಿಕೆಟ್ ಮಾಡಿ. ಹಬ್ಬದ ದಿನ ನೀವಿಲ್ಲವೆಂದಾದರೆ ಮನೆಯವರ ಅರ್ಧ ಒಪ್ಪಿಗೆಯೂ ಕೈತಪ್ಪುತ್ತದೆ. ಹೋ ಚಿ ಮಿನ್ ಸಿಟಿಯಿಂದ ಬುವಾನ್ ಮಾ ತುವೋಟ್ ಸುಮಾರು 350 ಕಿಲೋಮೀಟರ್, ರಾತ್ರಿಯ ಸ್ಲೀಪರ್ ಬಸ್ ಇದೆ. ದಾ ಲಾಟ್ ಸುಮಾರು 1500 ಮೀಟರ್ ಎತ್ತರದಲ್ಲಿದೆ, ಮಡಿಕೇರಿಗಿಂತ ಚಳಿ ಹೆಚ್ಚು, ಸ್ವೆಟರ್ ಇಟ್ಟುಕೊಳ್ಳಿ. ಒಂದು ತಿಂಗಳಿಗೆ ಎಂಟು ಊರು ಪಟ್ಟಿ ಮಾಡಬೇಡಿ. ಎರಡು-ಮೂರು ಊರು ಸಾಕು, ಒಂದರಲ್ಲಾದರೂ ಹತ್ತು ದಿನ ನಿಲ್ಲಿ. ಕೇರಿಯ ಚಹಾದಂಗಡಿಯವರು ಮುಖ ಗುರುತು ಹಿಡಿದು ಮಾತಾಡಿಸಲು ಅಷ್ಟು ದಿನವಾದರೂ ಬೇಕು.

ಮಗಳು ಒಬ್ಬಳೇ ಹೊರಟಿದ್ದಾಳೆ. ಬೇಡ ಎನ್ನಲು ಮನಸ್ಸಿಲ್ಲ, ಆದರೆ ನಿದ್ದೆ ಬರುತ್ತಿಲ್ಲ. ಏನು ಕೇಳಿಟ್ಟುಕೊಳ್ಳಬೇಕು?
(ತಾಯಿ, ಭಾಗಮಂಡಲ)

ನಿಮ್ಮ ಕಳವಳ ನ್ಯಾಯವಾದದ್ದು, ಅದಕ್ಕೆ ಒಂದು ಕ್ರಮ ಮಾಡಿಕೊಂಡರೆ ನಿಮಗೂ ನೆಮ್ಮದಿ, ಅವಳಿಗೂ ಬಿಡುವು. ಗಂಟೆಗೊಮ್ಮೆ ಫೋನ್ ಬೇಡ. ದಿನಕ್ಕೊಂದು ಮೆಸೇಜ್, ಹೊತ್ತು ನಿಗದಿ ಮಾಡಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಮೆಸೇಜ್ ಬಾರದಿದ್ದರೆ ಎಷ್ಟು ಹೊತ್ತು ಕಾಯುವುದು, ಆಮೇಲೆ ಯಾರಿಗೆ ಹೇಳುವುದು ಎಂಬುದನ್ನು ಈಗಲೇ ಇಬ್ಬರೂ ಕೂತು ಬರೆದಿಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ದಿನಗಟ್ಟಲೆ ಸುದ್ದಿ ಇರುವುದಿಲ್ಲ. ಅವಳು ಸುರಕ್ಷಿತವಾಗಿಯೇ ಇದ್ದರೂ ಇಲ್ಲಿ ಗಾಬರಿ ಏಳುತ್ತದೆ. ಆದ್ದರಿಂದ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಚಿಕ್ಕಮ್ಮ, ಮಾವ ಯಾರಾದರೊಬ್ಬರನ್ನು ಎರಡನೇ ಸಂಪರ್ಕವಾಗಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್, ವೀಸಾ, ವಿಮೆ, ಉಳಿಯುವ ಜಾಗಗಳ ವಿಳಾಸ ಇವುಗಳ ಕಾಗದದ ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸ್ ದೂರಿನ ಪ್ರತಿ, ಆಮೇಲೆ ಹನೋಯಿಯ ಭಾರತೀಯ ರಾಯಭಾರ ಕಚೇರಿ ಅಥವಾ ಹೋ ಚಿ ಮಿನ್ ಸಿಟಿಯ ಕಾನ್ಸುಲೇಟ್‌ನಲ್ಲಿ ಭಾರತಕ್ಕೆ ಮರಳಲು ತುರ್ತು ಪ್ರಮಾಣಪತ್ರ, ಅದರ ಮೇಲೆ ಅಲ್ಲಿನ ವಲಸೆ ಇಲಾಖೆಯ ನಿರ್ಗಮನ ವೀಸಾ. ಇದಕ್ಕೆ ಹಲವು ದಿನ ಹಿಡಿಯುತ್ತದೆ, ಆ ದಿನಗಳ ಖರ್ಚಿನ ಹಣ ಬೇರೆಯೇ ಇರಬೇಕು. ಅಲ್ಲಿ ಪೊಲೀಸ್ 113, ಆಂಬುಲೆನ್ಸ್ 115.

ಹಣ ಹೇಗೆ ಒಯ್ಯುವುದು? ಕಾರ್ಡ್ ಸಾಕೇ?
(ಓದುಗ, ಕುಶಾಲನಗರ)

ಎರಡು ಕಾರ್ಡ್, ಸ್ವಲ್ಪ ಡಾಲರ್ ನೋಟು. ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಬಂದ್ ಆಗಿಯೇ ಇರುತ್ತದೆ, ಹೊರಡುವ ಮುನ್ನ ಆ್ಯಪ್‌ನಲ್ಲಿ ಆನ್ ಮಾಡಿ. ಭಾರತದ ಸಿಮ್ ತೆಗೆದು ಬ್ಯಾಗಿನಲ್ಲಿಟ್ಟರೆ ಒಟಿಪಿ ಬರುವುದಿಲ್ಲ, ಅರ್ಧಕ್ಕರ್ಧ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ರೋಮಿಂಗ್ ಹಾಕಿಸಿ ಅದನ್ನು ಫೋನಿನಲ್ಲೇ ಬಿಡಿ, ಇಂಟರ್ನೆಟ್‌ಗೆ ಅಲ್ಲಿನ ಇ-ಸಿಮ್ ಬಳಸಿ. ಎಟಿಎಂ ‘ರೂಪಾಯಿಯಲ್ಲಿ ಕಡಿತ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ, ಅಲ್ಲಿನ ಹಣವಾದ ಡಾಂಗ್‌ನಲ್ಲೇ ಆಗಲಿ. ಇಲ್ಲದಿದ್ದರೆ ಅವರದ್ದೇ ದರ ಬೀಳುತ್ತದೆ. ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000ದ ನೋಟೂ 5,00,000ದ ನೋಟೂ ಎರಡೂ ನೀಲಿ ಬಣ್ಣದವು. ಒಂದು 70 ರೂಪಾಯಿಯ ಆಸುಪಾಸು, ಇನ್ನೊಂದು 1,700ರ ಆಸುಪಾಸು. ದೊಡ್ಡ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡಿ.

ಅಲ್ಲಿ ಬೈಕ್ ಬಾಡಿಗೆಗೆ ಪಡೆದು ಸುತ್ತುವ ಯೋಚನೆ. ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿದ್ದೇನೆ.
(ಓದುಗ, ಪೊನ್ನಂಪೇಟೆ)

ಆ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ. ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆಗೆ ಕೊಡುವವರು ಕೇಳದೆಯೇ ಬೈಕ್ ಕೊಡುತ್ತಾರೆ, ದಂಡವನ್ನೂ ಹೇಗೋ ಕಟ್ಟಬಹುದು. ಆದರೆ ಬಿದ್ದು ಕಾಲು ಮುರಿದರೆ, ಮಾನ್ಯ ಲೈಸೆನ್ಸ್ ಇರಲಿಲ್ಲವೆಂದು ವಿಮಾ ಕಂಪನಿ ಕೈ ಚೆಲ್ಲುತ್ತದೆ, ಆಸ್ಪತ್ರೆಯ ಬಿಲ್ ಪೂರ್ತಿ ನಿಮ್ಮ ತಲೆಯ ಮೇಲೆ. ಚಾಲಕನ ಹಿಂದೆ ಕೂತು ಹೋಗುವ ಬೈಕ್ ಟ್ಯಾಕ್ಸಿ ಎಲ್ಲ ಊರಲ್ಲೂ ಇದೆ, ಅದನ್ನೇ ಹಿಡಿಯಿರಿ.

ಕೇಳದಿದ್ದರೂ ಕೊಡಗಿನವರಿಗೆಲ್ಲ ಇನ್ನೊಂದು ಮಾತು. ಮನೆಯಲ್ಲಿ ಕೋವಿ ಇರುವವರು ತೋಟಕ್ಕೆ, ಕಾಡಿಗೆ ಒಯ್ದ ಹಳೆಯ ಬ್ಯಾಗನ್ನು ವಿಮಾನಕ್ಕೆ ಒಯ್ಯಲೇಬೇಡಿ. ಒಳಜೇಬಿನ ಹೊಲಿಗೆಯ ಸಂದಿಯಲ್ಲಿ ಒಂದು ತೋಟಾ ಉಳಿದಿದ್ದರೂ ಎಕ್ಸ್‌ರೇಯಲ್ಲಿ ಕಾಣುತ್ತದೆ, ಪ್ರಯಾಣ ಅಲ್ಲಿಗೇ ನಿಂತು ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ವಿನಾಯಿತಿಯನ್ನು ವಿಮಾನ ನಿಲ್ದಾಣದಲ್ಲಿ ಹೇಳಿ ಪ್ರಯೋಜನವಿಲ್ಲ. ಖಾಲಿ ತೋಟಾ ಇದ್ದರೂ ವಿಚಾರಣೆ ತಪ್ಪಿದ್ದಲ್ಲ. ಹೊಸ ಬ್ಯಾಗ್ ಕೊಳ್ಳಿ.

ಐದು ವಾರ ವಿಯೆಟ್ನಾಂನಲ್ಲಿದ್ದು ಬಂದೆ. ಬಂದು ಎರಡು ತಿಂಗಳಾದರೂ ಬೆಂಗಳೂರಿನ ಐಟಿ ಕೆಲಸಕ್ಕೆ ಮನಸ್ಸು ಕೂರುತ್ತಿಲ್ಲ. ಸಿದ್ದಾಪುರದ ಹತ್ತಿರ ನಮಗೆ ಎಂಟು ಎಕರೆ ರೊಬಸ್ಟಾ ಇದೆ. ಕೆಲಸ ಬಿಟ್ಟು ಊರಿಗೆ ಬಂದು, ಅಲ್ಲಿ ನೋಡಿದ ರೀತಿ ತೋಟ ಮಾಡಿ, ಕಾಫಿ ಹುರಿದು ಮಾರಬೇಕೆಂದಿದ್ದೇನೆ. ಅಪ್ಪ ‘ನಾಲ್ಕು ದಿನದ ಹುಚ್ಚು’ ಎನ್ನುತ್ತಾರೆ. ಗೆಳೆಯರಿಗೆ ನನ್ನ ಮಾತು ಬೇಸರ.
(ಓದುಗ, 26)

ಹುಚ್ಚೇನಲ್ಲ. ಹೊರಗಿದ್ದು ಬಂದವರು ಮನೆಗೆ ಮರಳಿದ ಮೇಲೆ ಮತ್ತೊಮ್ಮೆ ಕುಗ್ಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರದವರು 1963ರಷ್ಟು ಹಿಂದೆಯೇ ಗುರುತಿಸಿದ್ದಾರೆ. ವಿದೇಶದಲ್ಲಿ ನೆಲೆಸಿದವರ ಕುರಿತು 2018ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಒಂದು ವಿಷಯ ಕಂಡುಕೊಂಡಿತು. ಎಷ್ಟು ದೇಶ ನೋಡಿದಿರಿ ಎಂಬುದರಿಂದಲ್ಲ, ಎಷ್ಟು ಕಾಲ ಇದ್ದಿರಿ ಎಂಬುದರಿಂದ ತನ್ನ ಬಗ್ಗೆ ಸ್ಪಷ್ಟತೆ ಬರುತ್ತದೆ. ‘ಇದು ನನಗೆ ಬೇಕಾದದ್ದೋ, ಬೆಳೆದ ಮನೆಯಿಂದ ಬಂದದ್ದೋ’ ಎಂದು ಮನಸ್ಸು ಒಂದೊಂದನ್ನೇ ಎತ್ತಿ ನೋಡುವುದರಿಂದ ಆಗುವ ಸ್ಪಷ್ಟತೆ ಅದು. ನಿಮಗೆ ಆಗುತ್ತಿರುವುದು ಅದರ ಆರಂಭ ಇರಬಹುದು, ಮತ್ತು ಅದು ಇನ್ನೂ ಮುಗಿದಿಲ್ಲ. ಆದ್ದರಿಂದ ಇನ್ನು ನಾಲ್ಕು ತಿಂಗಳು ರಾಜೀನಾಮೆ ಬೇಡ. ಆ ನಾಲ್ಕು ತಿಂಗಳಲ್ಲಿ ಸುಮ್ಮನೆ ಕಾಯುವುದೂ ಬೇಡ.

ಮೊದಲು ಅಪ್ಪನ ಹತ್ತಿರ ಐದು ವರ್ಷದ ಲೆಕ್ಕ ಕೇಳಿ. ಎಕರೆಗೆ ಎಷ್ಟು ಮೂಟೆ ಬಂತು, ಕೊಯ್ಲಿನ ಕೂಲಿ ಎಷ್ಟು, ಗೊಬ್ಬರಕ್ಕೆ, ಸ್ಪ್ರಿಂಕ್ಲರ್ ಡೀಸೆಲ್‌ಗೆ ಎಷ್ಟು, ಕಾಳುಮೆಣಸಿನಿಂದ ಬಂದದ್ದೆಷ್ಟು. ಲೆಕ್ಕ ಕೇಳುವ ಮಗನನ್ನು ಅಪ್ಪ ಬೇರೆ ಕಣ್ಣಿನಿಂದ ನೋಡುತ್ತಾರೆ. ‘ಅಲ್ಲಿ ಹೀಗಲ್ಲ’ ಎಂಬ ಮಾತನ್ನು ಸದ್ಯ ಬಾಯಿಂದ ತೆಗೆಯಲೇಬೇಡಿ.

ಆಮೇಲೆ ಇಲ್ಲಿನ ಒಂದು ಹಂಗಾಮಿನಲ್ಲಿ ಕೈ ಹಾಕಿ ನೋಡಿ. ರಜೆ ಕೂಡಿಸಿಟ್ಟುಕೊಂಡು ಜನವರಿ-ಫೆಬ್ರವರಿಯ ಕೊಯ್ಲಿಗೆ ಎರಡು ವಾರ, ಹೂವು ಅರಳಿಸಲು ಕೊಡುವ ನೀರಿಗೆ ಮತ್ತೊಂದು ವಾರ ಬನ್ನಿ. ಸ್ಪ್ರಿಂಕ್ಲರ್ ಪೈಪು ರಾತ್ರಿ ಹೊತ್ತು ಬದಲಿಸುವ ಪಾಳಿಯನ್ನೂ ಮಾಡಿ. ಹೂವಿಗೆ ಒಂದೂವರೆ ಇಂಚು ನೀರು ಒಮ್ಮೆಗೇ ಬೀಳಬೇಕು. ಕಡಿಮೆಯಾದರೆ ಮೊಗ್ಗು ಅರ್ಧ ಬಿರಿದು ನಿಲ್ಲುತ್ತದೆ, ಕಾಯಿ ಕಟ್ಟುವುದಿಲ್ಲ. ಹೂವಾದ 15-20 ದಿನಕ್ಕೆ ಎರಡನೇ ನೀರು. ಆ ವಾರಗಳು ಕಳೆದ ಮೇಲೂ ಊರಿಗೆ ಬರುವ ಆಸೆ ಹಾಗೇ ಇದ್ದರೆ ಅದನ್ನು ನಂಬಬಹುದು.

ವಿಯೆಟ್ನಾಂ ಪದ್ಧತಿಯನ್ನು ಹಾಗೇ ತರುವುದಕ್ಕೆ ನಮ್ಮ ಸಮ್ಮತಿ ಇಲ್ಲ. ಅಲ್ಲಿ ಹೆಕ್ಟೇರ್ ಇಳುವರಿ ನಮ್ಮದರ ಎರಡು ಪಟ್ಟಿಗೂ ಹೆಚ್ಚು, ನಿಜ. ಬುಡದ ಸುತ್ತ ಪಾತಿ ಮಾಡಿ ಪ್ರತಿ ಸಲ ಗಿಡಕ್ಕೆ ನೂರಾರು ಲೀಟರ್ ನೀರು, ಧಾರಾಳ ಗೊಬ್ಬರ, ನೆರಳಿಲ್ಲದ ಬಯಲು, ಕಸಿ ಗಿಡ. ಅದಕ್ಕೆ ಅವರು ತೆತ್ತ ಬೆಲೆ ಕುಸಿದ ಅಂತರ್ಜಲ. ನಮ್ಮ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಕಾಫಿ ಬೆಲೆ ಬಿದ್ದ ವರ್ಷ ಮನೆ ನಡೆಸುವುದು ಅದೇ. ಮರ ತೆಗೆದ ಮೇಲೆ ಆ ಆದಾಯ ಮರಳಿ ಬರಲು ಹತ್ತಾರು ವರ್ಷ ಬೇಕು. ಅವರ ಕಸಿ, ಸವರುವ ಶಿಸ್ತು ಕಲಿಯತಕ್ಕದ್ದು. ಅರ್ಧ ಎಕರೆಯಲ್ಲಿ ಮಾಡಿ ನೋಡಿ, ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ.

ಹುರಿದು ಮಾರುವ ಲೆಕ್ಕವನ್ನು ಚೆರ್ರಿಯಿಂದ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಯಿಯಿಂದ ಶುರು ಮಾಡಿ. 50 ಕೆಜಿ ಮೂಟೆಗೆ ಔಟ್‌ಟರ್ನ್ (ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಬೇಳೆಯ ತೂಕ) 26 ಎಂದುಕೊಂಡರೆ ಬೇಳೆ 26 ಕೆಜಿ. ಅದರಲ್ಲಿ ಕಪ್ಪು, ಒಡಕು ಆರಿಸಿ ತೆಗೆದು, ಹುರಿದಾಗ 15ರಿಂದ 20 ಶೇಕಡಾ ತೂಕ ಇಳಿದು, ಕೈಗೆ ಬರುವುದು 20 ಕೆಜಿಯ ಆಸುಪಾಸು. ಆ 20 ಕೆಜಿಯ ಮಾರಾಟ ಬೆಲೆಯಿಂದ ಮೂಟೆಯ ಆ ದಿನದ ಬೆಲೆ, ಹಲ್ಲಿಂಗ್ (ಸಿಪ್ಪೆ ಬಿಡಿಸುವ) ಖರ್ಚು, ಹುರಿಯುವ ಕೂಲಿ, ಪ್ಯಾಕೆಟ್, ಕೊರಿಯರ್ ಕಳೆಯಿರಿ. ಉಳಿಯುವುದೇ ನಿಮ್ಮ ಸಂಬಳ. ಮೊದಲ ವರ್ಷ ಯಂತ್ರ ಕೊಳ್ಳಬೇಡಿ, ಹೊರಗೆ ಹುರಿಸಿ. ಕೆಲಸದಲ್ಲಿದ್ದುಕೊಂಡೇ ಎರಡು ಮೂಟೆಯಷ್ಟು ಮಾರಿ. ಗೆಳೆಯರು ಒಮ್ಮೆ ಪ್ರೀತಿಗೆ ಕೊಳ್ಳುತ್ತಾರೆ. ಅವರೇ ಮೂರನೇ ಸಲ ಕೇಳಿ ತರಿಸಿದರೆ ವ್ಯಾಪಾರ ಶುರುವಾಯಿತೆಂದು ತಿಳಿಯಿರಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮೊದಲ ಪ್ಯಾಕೆಟ್‌ಗಿಂತ ಮುಂಚೆ ಆಗಲಿ.

ಇದರ ನಡುವೆ ನಿದ್ದೆ, ಊಟ ಎರಡು ವಾರಕ್ಕೂ ಹೆಚ್ಚು ಕೆಟ್ಟರೆ ಅದನ್ನು ಪ್ರವಾಸದ ಗುಂಗು ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ವಾಪಸ್ ಬರುವಾಗ ಅಲ್ಲಿನ ಒಳ್ಳೆಯ ತಳಿಯ ನಾಲ್ಕು ಬೀಜವನ್ನೋ ಕಸಿ ಕಡ್ಡಿಯನ್ನೋ ತಂದರೆ ತಪ್ಪೇ?
(ಓದುಗಿ, ಸುಂಟಿಕೊಪ್ಪ)

ತರಲೇಬೇಡಿ. ಬಿತ್ತುವ ಬೀಜ, ಗಿಡ, ಕಡ್ಡಿ, ಮಣ್ಣು ಯಾವುದನ್ನೂ ಪರ್ಮಿಟ್ ಇಲ್ಲದೆ ದೇಶದೊಳಕ್ಕೆ ತರುವಂತಿಲ್ಲ, 2003ರ ಸಸ್ಯ ಕ್ವಾರಂಟೈನ್ ಆದೇಶ ಅದಕ್ಕೇ ಇದೆ. ಹೊರದೇಶದಿಂದ ಬಂದು ಕಾಫಿ ಕಾಯಿಯನ್ನು ಕೊರೆಯುವ ಹುಳ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಇವತ್ತಿಗೂ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಕಾಯಿಯನ್ನೆಲ್ಲ ಆರಿಸಲು ನಾವು ಕೂಲಿ ಕೊಡುತ್ತಿರುವುದು ಆ ಒಂದು ಹುಳದಿಂದ. ಹುರಿದ ಕಾಫಿಯನ್ನು ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್‌ನಲ್ಲಿ ತನ್ನಿ. ಜೊತೆಗೆ ಅವರು ಲೋಟದ ಮೇಲಿಟ್ಟು ಡಿಕಾಕ್ಷನ್ ಇಳಿಸುವ ಪುಟ್ಟ ಫಿಲ್ಟರ್ ‘ಫಿನ್’ ಇದೆ. ಹಗುರ, ಅಗ್ಗ, ಯಾರೂ ತಡೆಯುವುದಿಲ್ಲ. ನಮ್ಮ ಫಿಲ್ಟರ್ ಪುಡಿಗಿಂತ ಸ್ವಲ್ಪ ತರಿಯಾಗಿ ಪುಡಿ ಮಾಡಿಸಿಕೊಳ್ಳಿ, ನುಣ್ಣಗಾದರೆ ರಂಧ್ರ ಕಟ್ಟಿಕೊಂಡು ನೀರು ಇಳಿಯುವುದಿಲ್ಲ.