ಕೆಲವು ಪ್ರೊಸೆಸರ್‌ಗಳಲ್ಲಿ ಪ್ಲಸ್-ಮೈನಸ್ ದಶಮಾನ ಸಂಖ್ಯೆಗಳಿಗೇ ಬೇರೆ ಇನ್‌ಸ್ಟ್ರಕ್ಷನ್ ಯಾಕೆ?

ಹಣದ ಲೆಕ್ಕ ಹತ್ತರ ಅಂಕಿಗಳಲ್ಲೇ ಒಳಗೆ ಬರುತ್ತದೆ, ಹತ್ತರ ಅಂಕಿಗಳಲ್ಲೇ ಅಚ್ಚಾಗುತ್ತದೆ. ಮಧ್ಯೆ ಸುಮ್ನೆ ಬೈನರಿಗೆ (0 ಮತ್ತು 1 ಮಾತ್ರ ಇರುವ ಲೆಕ್ಕಕ್ಕೆ) ತಿರುಗಿಸಿ ಮತ್ತೆ ವಾಪಸ್ ತರುವ ಕೆಲಸ ತಪ್ಪಿಸೋಕೆ ಈ ಇನ್‌ಸ್ಟ್ರಕ್ಷನ್‌ಗಳು, ಅಂದರೆ ಪ್ರೊಸೆಸರ್ ನೇರವಾಗಿ ಪಾಲಿಸುವ ಆಜ್ಞೆಗಳು. ಒಂದು ಸಲ ಕೂಡೋಕೆ ಹೋಗ್ತಾ ಬರ್ತಾ ತಿರುಗಿಸುವುದು ದಂಡ ಅಲ್ವಾ?

ಸಿದ್ದಾಪುರದ ಕಾಫಿ ಬೆಳೆಗಾರರೊಬ್ಬರು ಮುಂಗಡ ಜಾಸ್ತಿ ತೆಗೆದುಕೊಂಡು, ಖಾತೆ −275.50 ರೂಪಾಯಿಗೆ ಬಂದಿದೆ ಅಂದುಕೊಳ್ಳಿ. ಪೈಸೆಯಲ್ಲಿ −27550. 1964ರಲ್ಲಿ ಬಂದ ಐಬಿಎಂ ಸಿಸ್ಟಮ್/360 ಕಂಪ್ಯೂಟರ್ ಇದನ್ನು 3 ಬೈಟ್‌ನಲ್ಲಿ ಇಡುತ್ತದೆ (ಒಂದು ಬಿಟ್ ಅಂದರೆ ಒಂದು 0 ಅಥವಾ 1, ಅಂಥ 8 ಸೇರಿದರೆ ಒಂದು ಬೈಟ್): ಒಂದೊಂದು ಅಂಕಿಗೆ 4 ಬಿಟ್, ಕೊನೆಯ 4 ಬಿಟ್ ಚಿಹ್ನೆಗೆ. ಪ್ಲಸ್‌ಗೆ 1100, ಮೈನಸ್‌ಗೆ 1101. (ಚುಕ್ಕಿ ಎಲ್ಲಿದೆ ಅನ್ನೋದು ಪ್ರೋಗ್ರಾಂನ ತಲೆನೋವು.) ಮೆಣಸು ಮಾರಿದ ಹಣ ಜಮಾ ಮಾಡುವಾಗ ಪ್ರೊಸೆಸರ್ ಎರಡೂ ಚಿಹ್ನೆ ನೋಡಿ, ಕೂಡಬೇಕೋ ಕಳೆಯಬೇಕೋ ತಾನೇ ತೀರ್ಮಾನಿಸುತ್ತದೆ. ಒಂದೇ ಇನ್‌ಸ್ಟ್ರಕ್ಷನ್, 31 ಅಂಕಿಗಳವರೆಗೆ.

ನನಗೆ ಇಷ್ಟವಾಗೋದು ಅಂಕಿ ಕೂಡುವ ಉಪಾಯ. 4 ಬಿಟ್‌ನಲ್ಲಿ 16 ಗುರುತು ಸಾಧ್ಯ, ನಮಗೆ ಬೇಕಾದ್ದು 10 ಮಾತ್ರ. 7ಕ್ಕೆ 5 ಕೂಡಿದರೆ 12, ಅಂದರೆ 1100. ಅದು ಅಂಕಿಯೇ ಅಲ್ಲ. ಬೇಡದ 6 ಗುರುತು ದಾಟಲು ಇನ್ನೊಂದು 6 ಕೂಡಿದರೆ 1 0010 ಆಗುತ್ತದೆ: ಅಂಕಿ 2, ದಶಕ 1. ಸರಿಯಾಯಿತು.

ಇಂಟೆಲ್ 8086 ಪ್ರೊಸೆಸರ್‌ನಲ್ಲೂ ಈ 6 ಕೂಡುವ ಇನ್‌ಸ್ಟ್ರಕ್ಷನ್ ಇತ್ತು, ಆದರೆ ಚಿಹ್ನೆಯನ್ನು ಪ್ರೋಗ್ರಾಂ ನೋಡಿಕೊಳ್ಳಬೇಕಿತ್ತು. ಅದೇ ವಂಶದ ಮುಂದಿನ ಪ್ರೊಸೆಸರ್‌ಗಳ 64 ಬಿಟ್ ಮೋಡ್‌ನಲ್ಲಿ ಅದನ್ನು ಕೈಬಿಟ್ಟರು. ಐಬಿಎಂನ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳಲ್ಲಿ ದಶಮಾನ ಇನ್‌ಸ್ಟ್ರಕ್ಷನ್‌ಗಳು ಇವತ್ತಿಗೂ ಇವೆ.