ರಷ್ಯಾದಿಂದ ತಂದ ಹಳೇ ಬಾಸ್ ಗಿಟಾರ್ ಸರಿ ಮಾಡಿಸಬೇಕಾ, ಮಾರಬೇಕಾ?

ತಮ್ಮ ಓದು ಮುಗಿಸಿ ಬರುವಾಗ ನೆನಪಿಗೆ ಅಂತ ಸೋವಿಯತ್ ಕಾಲದ ಉರಾಲ್ ಬಾಸ್ ತಂದಿದ್ದಾನೆ, ತಂತಿ ತುಂಬಾ ಮೇಲಿದೆ, ನಮ್ಮ ಕೇಬಲ್ಲು ಕೂರಲ್ಲ ಅಂತ ಬರೆದಿದ್ದೀರಿ. ಅದೇ ಬಾಸು, ಅದೇ ತೊಂದರೆ, ನಮ್ಮನೆಯಲ್ಲೂ ಆಗಿತ್ತು.

ನಾನು ಮೆಡಿಕಲ್ ಓದಿದ್ದು ಯೆಕಾತೆರಿನ್‌ಬುರ್ಗ್‌ನಲ್ಲಿ. 1991ರವರೆಗೆ ಅದರ ಹೆಸರು ಸ್ವೆರ್ದ್ಲೋವ್ಸ್ಕ್. ನಿಮ್ಮ ತಮ್ಮ ತಂದಿರುವ ಉರಾಲ್ ತಯಾರಾಗುತ್ತಿದ್ದದ್ದು ಆ ಊರಿನಲ್ಲೇ, ಪಿಯಾನೋ ಮಾಡುವ ಕಾರ್ಖಾನೆಯಲ್ಲಿ. ನಮ್ಮ ಕೆಳಗಿನ ಫ್ಲಾಟಿನ ಅಜ್ಜ ಹರೆಯದಲ್ಲಿ ಕಾರ್ಖಾನೆಯ ಕ್ಲಬ್ಬಿನ ಡ್ಯಾನ್ಸಿಗೆ ಅದನ್ನೇ ನುಡಿಸುತ್ತಿದ್ದರಂತೆ. ತಂತಿಯ ಸದ್ದು ಹಿಡಿಯುವ ಪಿಕಪ್ಪಿನ ಮೇಲ್ಗಡೆ, ಹೆಬ್ಬೆರಳು ಊರಿಕೊಳ್ಳುವ ಜಾಗದಲ್ಲಿ ಬಣ್ಣ ಪೂರ್ತಿ ಸವೆದು ಬಿಳಿ ಮರ ಕಾಣುತ್ತಿತ್ತು. ಹಿಂಬದಿಯಲ್ಲಿ ಬೆಲ್ಟಿನ ಬಕಲ್ ಉಜ್ಜಿದ ಗೀರುಗಳು. ಭಾರ ಅಂದರೆ ಭಾರ. ಅಲ್ಲಿನವರು ಇಂಥ ಗಿಟಾರಿಗೆ ವೆಸ್ಲೋ ಅನ್ನುತ್ತಾರೆ, ಅಂದರೆ ದೋಣಿಯ ಹುಟ್ಟು. ನಾನು ಊರಿಗೆ ಹೊರಡುವ ಹಿಂದಿನ ದಿನ ಅಜ್ಜ ಅದನ್ನು ನನ್ನ ಕೈಗೇ ಕೊಟ್ಟರು. ತಂತಿ ಸಡಿಲ ಮಾಡಿಯೇ ಒಯ್ಯಬೇಕು ಅಂತ ಎರಡು ಸಲ ಹೇಳಿದರು. ಸಡಿಲ ಮಾಡಿ, ಚಳಿಗಾಲದ ಜಾಕೆಟ್ಟಿನಲ್ಲಿ ಸುತ್ತಿ ತಂದೆ. ವಿಮಾನದಲ್ಲಿ ಏನೂ ಆಗಲಿಲ್ಲ.

ಆದದ್ದೆಲ್ಲ ಉಡುಪಿಯ ನಮ್ಮನೆಯಲ್ಲಿ, ಜೂನ್ ತಿಂಗಳಲ್ಲಿ. ಬಂದ ದಿನವೇ ತಂತಿ ಬಿಗಿದು ಶ್ರುತಿ ಮಾಡಿ, ಗೋಡೆಗೆ ಒರಗಿಸಿಟ್ಟೆ. ಬಾಸಿನ ನಾಲ್ಕು ತಂತಿ ಸೇರಿ ನೆಕ್ಕನ್ನು, ಅಂದರೆ ಗಿಟಾರಿನ ಉದ್ದ ಕತ್ತನ್ನು, ಎಳೆಯುವುದು ಸುಮಾರು 70-80 ಕಿಲೋ ತೂಕದಷ್ಟು. ಅಲ್ಲಿ ಚಳಿಗಾಲವಿಡೀ ಮನೆಯೊಳಗೆ ಹೀಟರ್ ಉರಿಯುತ್ತದೆ, ಗಾಳಿ ತುಟಿ ಒಡೆಯುವಷ್ಟು ಒಣ. ಅಂಥ ಮನೆಯಲ್ಲಿ ಮೂವತ್ತು ವರ್ಷ ಇದ್ದ ಮರ, ಉಪ್ಪಿನ ಡಬ್ಬಿಯೊಳಗೇ ನೀರೊಡೆಯುವ ನಮ್ಮ ಮಳೆಗಾಲಕ್ಕೆ ಬಂದು ಕೂತಿದೆ. ಮೂರು ವಾರದಲ್ಲಿ ನೆಕ್ ಮುಂದಕ್ಕೆ ಬಾಗಿತು. ನೆಕ್ಕಿನ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳೇ ಫ್ರೆಟ್ಟು; ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ನನ್ನ ಕಿರುಬೆರಳ ತುದಿ ಹೋಗುತ್ತಿತ್ತು.

ಟ್ರಸ್ ರಾಡ್ ತಿರುಗಿಸಿದರೆ ಸರಿ ಹೋಗುತ್ತೆ ಅಂತ ಎಲ್ಲೋ ಓದಿದ್ದೆ. ನೆಕ್ಕಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ತಂತಿ ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಎಳೆಯುತ್ತದೆ. ನಾನು ಮಾಡಿದ ತಪ್ಪು ಏನು ಅಂದರೆ, ತಂತಿ ಪೂರ್ತಿ ಬಿಗಿಯಾಗಿದ್ದಾಗಲೇ ಅದರ ನಟ್ಟಿಗೆ ಪಾನಾ ಹಾಕಿದೆ. ಆ ಹೊತ್ತಿಗೆ ಸರಳಿನ ಮೇಲೆ ತಂತಿಯ ಎಳೆತ ಪೂರ್ತಿ ಇದೆ. ಜೊತೆಗೆ ನಟ್ಟಿನ ತಿರುಪು ತುಕ್ಕು ಹಿಡಿದಿದೆ, ಒಂದು ಹನಿ ಎಣ್ಣೆ ಬಿಟ್ಟಿಲ್ಲ. ನಟ್ಟು ಜರುಗುವ ಬದಲು ನಾನು ಹಾಕಿದ ಬಲವೆಲ್ಲ ಸರಳನ್ನೇ ತಿರುಚಿತು. ಗಟ್ಟಿಯಾಯಿತು, ಇನ್ನೂ ಗಟ್ಟಿಯಾಯಿತು, ಆಮೇಲೆ ಒಳಗೆ ಟಕ್ ಅಂದು ಪಾನಾ ಕೈಯಲ್ಲಿ ಸಲೀಸಾಗಿ ಸುತ್ತತೊಡಗಿತು. ತಂತಿ ಬಿಚ್ಚಬೇಕಿತ್ತು, ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕಿತ್ತು, ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ ಮಾರನೇ ದಿನ ನೋಡಬೇಕಿತ್ತು. ಇಷ್ಟೇ. ಅಜ್ಜ ಎರಡು ಸಲ ಹೇಳಿದ್ದು ಆ ಟಕ್ ಆದಮೇಲೆ ನೆನಪಾಯಿತು. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರಿಗೆ ತೋರಿಸಿದೆ. ಫ್ರೆಟ್ಟಿನ ಹಲಗೆ ಎಬ್ಬಿಸಿ ಹೊಸ ಸರಳು ಕೂರಿಸಬೇಕು ಅಂದರು. ಅದಕ್ಕೆ ಹೇಳಿದ ಹಣಕ್ಕೆ ಹೊಸ ಬಾಸೇ ಬರುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆ. ರಿಪೇರಿಯಾ, ಮಾರಾಟವಾ ಅಂತ ಕೇಳುವುದೇ ಸರಿಯಿಲ್ಲ ಅಂತೀನಿ. ಹೊಸದರ ಥರ ನುಡಿಸೋದಕ್ಕೆ ಅಂತ ಅದನ್ನು ಅಲ್ಲಿಂದ ತಂದದ್ದಲ್ಲ, ಅಲ್ವಾ? ದಿನಾ ಪ್ರಾಕ್ಟೀಸ್ ಮಾಡುವುದಾದರೆ ಸಾಧಾರಣದ್ದೊಂದು ಹೊಸ ಬಾಸ್ ಕೊಳ್ಳಿ. ಇದನ್ನು ಇದ್ದ ಹಾಗೇ ಇಟ್ಟುಕೊಳ್ಳಿ, ಆಗೊಮ್ಮೆ ಈಗೊಮ್ಮೆ ನುಡಿಸಿ. ಮಾರುವ ಮಾತು ಬಿಡಿ. ತಮ್ಮ ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ.

ಕೇಬಲ್ಲಿನ ವಿಷಯ ಸುಲಭ. ಅದು ಐದು ಪಿನ್ನಿನ ಗುಂಡು ಸಾಕೆಟ್ಟು, ಹಳೇ ಟೇಪ್ ರೆಕಾರ್ಡರಿನ ಹಿಂದೆ ಇರುತ್ತಿತ್ತಲ್ಲ, ಅದೇ. ಅಂಗಡಿಯವರು ಅದನ್ನು ಕಿತ್ತು, ಗಿಟಾರಿನ ಮೈಗೆ ದೊಡ್ಡ ತೂತು ಕೊರೆದು ಹೊಸ ಜ್ಯಾಕ್ ಹಾಕಿ ಕೊಡ್ತೀನಿ ಅನ್ನಬಹುದು. ದಯವಿಟ್ಟು ಒಪ್ಪಬೇಡಿ. ಒಂದು ಕಡೆ ಆ ಪಿನ್ನು, ಇನ್ನೊಂದು ಕಡೆ ಮಾಮೂಲಿ ಜ್ಯಾಕ್ ಇರುವ ಕೇಬಲ್ ಮಾಡಿಸಿ. ರೇಡಿಯೋ ರಿಪೇರಿ ಮಾಡುವ ಯಾರಾದರೂ ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ನಡುವಿನ ಪಿನ್ನು ಅರ್ತ್. ಸದ್ದು ಯಾವುದರಲ್ಲಿ ಬರುತ್ತೆ ಅಂತ ಮೀಟರ್ ಹಿಡಿದು ನೋಡಲು ಹೇಳಿ. ನನ್ನದರಲ್ಲಿ ಪಕ್ಕದ ಪಿನ್ನಿನಲ್ಲಿ ಬಂತು.

ಎಲ್ಲಕ್ಕಿಂತ ಮೊದಲು, ಇವತ್ತು ಸಂಜೆಯೇ, ತಂತಿ ಬಿಗಿಯುವ ನಾಲ್ಕೂ ಕೀಗಳನ್ನು ತಂತಿ ಜೋತುಬೀಳುವ ತನಕ ಸಡಿಲ ಮಾಡಿ. ಪಾನಾ ಯಾರ ಕೈಗೂ ಕೊಡಬೇಡಿ.