ಗಂಗಾವತಿಯ ಬಿಸಿಲಿನಲ್ಲಿ ನಿಲ್ಲುವ ಹೊಸ ಕಾರಿಗೆ ವ್ಯಾಕ್ಸ್ ಹಚ್ಚಬೇಕೋ, ಸೀಲಂಟ್ ಹಚ್ಚಬೇಕೋ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಗ್ರಹಿಸಿದ್ದೇನೆ. ಕಾರು ಕಡುನೀಲಿ ಬಣ್ಣದ್ದು, ಕೊಂಡು ನಾಲ್ಕು ತಿಂಗಳಾಗಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಸಮೀಪ, ನೆರಳಿಲ್ಲದ ಬಯಲಿನಲ್ಲಿ ನಿಲ್ಲುತ್ತದೆ. ಶೋರೂಮಿನವರು ‘ಟೆಫ್ಲಾನ್ ಕೋಟಿಂಗ್’ ಮಾಡಿಸಿಕೊಳ್ಳಿ ಎನ್ನುತ್ತಿದ್ದಾರೆ, ಸ್ನೇಹಿತರೊಬ್ಬರು ಡಬ್ಬಿಯ ವ್ಯಾಕ್ಸ್ ಸಾಕು ಎನ್ನುತ್ತಿದ್ದಾರೆ. ನನ್ನ ಉತ್ತರ ಸೀಲಂಟ್. ಆದರೆ ನಮ್ಮ ಕಡೆ ಕಾರಿನ ಬಣ್ಣ ಕೆಡುವುದು ಲೇಪವಿಲ್ಲದ್ದಕ್ಕಿಂತ ಹೆಚ್ಚಾಗಿ ಒರೆಸುವ ರೀತಿಯಿಂದ, ಆದ್ದರಿಂದ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಬಳ್ಳಾರಿಯವನು, ಒಂಬತ್ತು ವರ್ಷಗಳಿಂದ ಕಪ್ಪು ಬಣ್ಣದ ಕಾರಿನಲ್ಲಿ ದಿನವೂ ತೋರಣಗಲ್ಲಿಗೆ ಹೋಗಿ ಬರುವವನು. ಇದು ನನ್ನ ವೃತ್ತಿಯಲ್ಲ. ಕಪ್ಪು ಕಾರು ಕೊಂಡ ತಪ್ಪಿಗೆ ಕಲಿತ ವಿದ್ಯೆ.

ಮೊದಲು ಎರಡೂ ಏನೆಂದು ಹೇಳುತ್ತೇನೆ. ಒಳ್ಳೆಯ ವ್ಯಾಕ್ಸ್‌ನಲ್ಲಿ ಇರುವ ಮುಖ್ಯ ವಸ್ತು ಕಾರ್ನೌಬಾ; ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳ ಮೇಲೆ ಕೂಡುವ ಮೇಣ. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ನಮ್ಮ ಬಿಸಿಲಿಗೂ ತಡೆಯಬೇಕಲ್ಲ ಎನ್ನಿಸುವುದು ಸಹಜ. ಆದರೆ ಶುದ್ಧ ಕಾರ್ನೌಬಾ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಕೈಯಲ್ಲಿ ಹಚ್ಚಲು ಬರುವುದಿಲ್ಲ. ಡಬ್ಬಿಯಲ್ಲಿರುವುದು ಅದಕ್ಕೆ ದ್ರಾವಕ, ಎಣ್ಣೆ ಮತ್ತು ಜೇನುಮೇಣದಂಥ ಮೆದು ಮೇಣಗಳನ್ನು ಬೆರೆಸಿದ ಮಿಶ್ರಣ, ಮತ್ತು ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲೇ. ಗಾಳಿಯ ಉಷ್ಣತೆ 42 ಡಿಗ್ರಿ ಮುಟ್ಟುವ ಮೇ ತಿಂಗಳ ಮಧ್ಯಾಹ್ನ ಕಡುಬಣ್ಣದ ಬಾನೆಟ್ಟಿನ ತಗಡು 70 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ‘ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ’ ಎಂದು ನಾವು ನಗೆಯಾಡುತ್ತೇವೆ. ವ್ಯಾಕ್ಸ್‌ನ ಪಾಲಿಗೆ ಅದು ನಗೆಯ ಮಾತಲ್ಲ. ಸೀಲಂಟ್ ಎಂಬುದು ಕೃತಕ ಪಾಲಿಮರ್, ಬಹುಪಾಲು ಸಿಲಿಕೋನ್ ಜಾತಿಯದು. ಹಚ್ಚಿದ ಮೇಲೆ ಅದು ಬಣ್ಣದ ಮೇಲ್ಮೈಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆಯೇ ಹೊರತು ಮೇಣದಂತೆ ಬಿಸಿಲಿಗೆ ಮೆತ್ತಗಾಗುವುದಿಲ್ಲ.

ಓದಿದ್ದನ್ನು ನಂಬದೆ ನಾನೇ ಒಂದು ವರ್ಷ ಪರೀಕ್ಷೆ ಮಾಡಿದೆ. ಶಿವರಾತ್ರಿಯ ಮರುವಾರ ಬಾನೆಟ್ಟಿನ ನಡುವೆ ಟೇಪ್ ಅಂಟಿಸಿ, ಎಡಭಾಗಕ್ಕೆ ಕಾರ್ನೌಬಾ ವ್ಯಾಕ್ಸ್, ಬಲಭಾಗಕ್ಕೆ ಸೀಲಂಟ್ ಹಚ್ಚಿದೆ. ಮೊದಲ ಎರಡು ವಾರ ನೋಡಲು ಎಡಭಾಗವೇ ಚೆಂದವಾಗಿತ್ತು, ಅದನ್ನು ಒಪ್ಪಲೇಬೇಕು. ವ್ಯಾಕ್ಸ್ ಕಪ್ಪು ಬಣ್ಣಕ್ಕೆ ಕೊಡುವ ಒದ್ದೆಯಾದಂಥ ಆಳದ ಹೊಳಪು ಸೀಲಂಟ್‌ಗೆ ಬರುವುದಿಲ್ಲ, ಅದರದು ಗಾಜಿನಂಥ ತಣ್ಣನೆಯ ಹೊಳಪು. ಆದರೆ ಯುಗಾದಿ ಕಳೆಯುವ ಹೊತ್ತಿಗೆ ಎಡಭಾಗದಲ್ಲಿ ನೀರು ಹನಿಗಟ್ಟುವುದನ್ನು ನಿಲ್ಲಿಸಿ ಹಾಳೆಯಂತೆ ಹರಡತೊಡಗಿತು, ಅಷ್ಟರಲ್ಲಿ ಧೂಳೂ ಆ ಕಡೆಯೇ ಹೆಚ್ಚು ಅಂಟುತ್ತಿತ್ತು. ಬಲಭಾಗದಲ್ಲಿ ಶ್ರಾವಣದ ಮಳೆಗೂ ಹನಿಗಳು ಗುಂಡಗೆ ನಿಲ್ಲುತ್ತಿದ್ದವು. ತಂಪು ಊರುಗಳಲ್ಲಿ ವ್ಯಾಕ್ಸ್ ಎರಡು ಮೂರು ತಿಂಗಳು ಬಾಳಬಹುದು. ನಮ್ಮ ಬೇಸಿಗೆಯಲ್ಲಿ ನನಗೆ ದಕ್ಕಿದ್ದು ಸುಮಾರು ಒಂದು ತಿಂಗಳು.

ಈಗ ಧೂಳಿನ ವಿಷಯ. ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆ ಓಡಿದ ಕಾರಿನ ಮೇಲೆ ಕೂರುವ ಕೆಂಧೂಳು ಹೆಮಟೈಟ್, ಅಂದರೆ ಈಗಾಗಲೇ ಆಕ್ಸೈಡ್ ಆಗಿರುವ ಕಬ್ಬಿಣ. ಅದು ಬಣ್ಣದೊಳಗೆ ಹೊಸದಾಗಿ ತುಕ್ಕು ಹಿಡಿಯುವುದಿಲ್ಲ. ಹಾಗೆ ತುಕ್ಕಿನ ಚುಕ್ಕೆ ಇಡುವುದು ಬ್ರೇಕ್‌ನಿಂದಲೋ ಗ್ರೈಂಡಿಂಗ್ ಕೆಲಸದಿಂದಲೋ ಹಾರುವ ಲೋಹದ ಕಬ್ಬಿಣದ ಕಣ. ಅದಿರಿನ ಧೂಳಿನ ಅಪಾಯ ಬೇರೆ: ಅದರ ಗಡಸುತನ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಮಾಪಕದಲ್ಲಿ 5.5ರಿಂದ 6.5, ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ಗಿಂತ ಬಹಳ ಗಟ್ಟಿ. ನಿಮ್ಮ ಕಡೆ ಗಿರಣಿಯಿಂದ ಹಾರಿ ಬರುವ ಹೊಟ್ಟಿನ ಬೂದಿಯೂ ಇದಕ್ಕೆ ಕಡಿಮೆಯಿಲ್ಲ. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಊದಿದರೆ ಹಾರುವಷ್ಟು ಹಗುರವಾದ್ದರಿಂದ ಅದನ್ನು ನಿರುಪದ್ರವಿ ಎಂದುಕೊಂಡು ಬೆಳಗ್ಗೆ ಒಣಬಟ್ಟೆಯಿಂದ ಒರೆಸಿಬಿಡುತ್ತೇವೆ. ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ. ತಿಂಗಳಿಗಿಷ್ಟೆಂದು ಕೊಟ್ಟು ದಿನವೂ ಒರೆಸಿಸುತ್ತಿದ್ದೆ, ಒರೆಸುವ ಹುಡುಗನ ಶ್ರದ್ಧೆಯಲ್ಲಿ ಲೋಪವಿರಲಿಲ್ಲ. ಎಂಟು ತಿಂಗಳ ಬಳಿಕ ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ಬಾಗಿಲುಗಳ ತುಂಬ ಜೇಡರಬಲೆಯಂತೆ ಗೀರು. ಕ್ಲಿಯರ್ ಕೋಟ್‌ನ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ವ್ಯಾಕ್ಸ್ ಆಗಲಿ ಸೀಲಂಟ್ ಆಗಲಿ ಅದರ ಮೇಲೆ ಒಂದು ಮೈಕ್ರಾನ್‌ಗೂ ಕಡಿಮೆ ದಪ್ಪದ ಪೊರೆ. ಆ ಪೊರೆ ಗೀರನ್ನು ತಡೆಯುವುದಿಲ್ಲ, ಬಿದ್ದ ಗೀರನ್ನು ತೆಗೆಯುವುದೂ ಇಲ್ಲ. ಧೂಳು ಬಿಗಿಯಾಗಿ ಹಿಡಿಯದಂತೆ ನೋಡಿಕೊಂಡು, ಬರಿಯ ನೀರಿನ ರಭಸಕ್ಕೇ ಬಹುಭಾಗ ಜಾರಿಹೋಗುವಂತೆ ಮಾಡುತ್ತದೆ. ಅದರ ಉಪಕಾರ ಇರುವುದು ಅಲ್ಲಿ. ಆದ್ದರಿಂದ ಫೆದರ್ ಡಸ್ಟರ್ ಮತ್ತು ಒಣಬಟ್ಟೆಯನ್ನು ಇಂದೇ ನಿಲ್ಲಿಸಿ. ವಾರಕ್ಕೊಮ್ಮೆ ಮೇಲಿನಿಂದ ಕೆಳಗೆ ಧಾರಾಳವಾಗಿ ನೀರು ಬಿಟ್ಟು, ಆಮೇಲೆ ಕಾರಿನ ಶಾಂಪೂ ನೊರೆಯಲ್ಲಿ ತೊಳೆಯಿರಿ, ಬಟ್ಟೆಯನ್ನು ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಳ್ಳಿ. ಪಾತ್ರೆ ತೊಳೆಯುವ ದ್ರವ ಬೇಡ, ಅದು ಹಚ್ಚಿದ ಲೇಪವನ್ನೂ ಸವೆಸುತ್ತದೆ.

ಸೀಲಂಟ್‌ನಿಂದ ಒಂದು ತೊಂದರೆಯೂ ಇದೆ. ಬೋರ್ ನೀರು ಗಡಸಾಗಿದ್ದರೆ, ಗುಂಡಗೆ ನಿಂತ ಪ್ರತಿ ಹನಿಯೂ ಬಿಸಿಲಿಗೆ ಆರಿ ಸುಣ್ಣದ ಬಳೆಯಂಥ ಕಲೆ ಬಿಡುತ್ತದೆ. ಬಿಸಿಲೇರುವ ಮುನ್ನ ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ನೀರು ಒತ್ತಿ ತೆಗೆಯುವುದೊಂದೇ ದಾರಿ. ಹೊಸ ಕಲೆಯಾದರೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಬಿಡಿಸಿ ತೊಳೆದುಬಿಡಬಹುದು. ಹಕ್ಕಿಯ ಹಿಕ್ಕೆಗೆ ಮಾತ್ರ ಯಾವ ಲೇಪವನ್ನೂ ನಂಬಬೇಡಿ, ಕಂಡ ಕೂಡಲೇ ನೆನೆಸಿ ತೆಗೆಯಿರಿ.

ಹಚ್ಚುವ ಕ್ರಮ ಕಷ್ಟದ್ದಲ್ಲ. ತೊಳೆದು ಆರಿದ ಬಣ್ಣದ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೆರಳಾಡಿಸಿ. ರವೆ ಚೆಲ್ಲಿದಂತೆ ತರಿತರಿ ಎನಿಸಿದರೆ ಕಣಗಳು ಕೂತಿವೆ ಎಂದರ್ಥ. ನಾಲ್ಕು ತಿಂಗಳ ಕಾರಿನಲ್ಲೂ ಅವು ಇರುತ್ತವೆ. ಮೆದು ಜೇಡಿಮಣ್ಣಿನ ಉಂಡೆಯಂಥ ಕ್ಲೇ ಬಾರ್‌ನಿಂದ, ಧಾರಾಳವಾಗಿ ಜಾರುವ ದ್ರವ ಹಾಕಿ, ಒತ್ತದೆ ಉಜ್ಜಿ ತೆಗೆಯಿರಿ. ಸ್ನೇಹಿತರ ವ್ಯಾಕ್ಸ್ ಈಗಾಗಲೇ ಹಚ್ಚಿದ್ದರೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಏಕೆಂದರೆ ಸೀಲಂಟ್‌ಗೆ ಬರಿಯ ಬಣ್ಣವೇ ಸಿಗಬೇಕು, ಮೇಣದ ಮೇಲೆ ಅದು ಹಿಡಿಯುವುದಿಲ್ಲ. ಸೂರ್ಯ ಮುಳುಗಿ ತಗಡು ಕೈಗೆ ತಣ್ಣಗಾದ ಮೇಲೆ, ಒಂದೊಂದೇ ಭಾಗಕ್ಕೆ ಕಂಡೂ ಕಾಣದಷ್ಟು ತೆಳ್ಳಗೆ ಸವರಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಆಮೇಲೆ ರಾತ್ರಿಯಿಡೀ ನೀರು, ಇಬ್ಬನಿ ತಾಗದ ಸೂರಿನಡಿ ನಿಲ್ಲಿಸಿ. ದಪ್ಪಗೆ ಹಚ್ಚಿದರೆ ಹೆಚ್ಚು ಬಾಳುತ್ತದೆ ಎಂಬುದು ತಪ್ಪು, ಒರೆಸಲು ತೋಳು ನೋಯುತ್ತದೆ ಅಷ್ಟೆ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದು ಬಂದಿರುವುದರಿಂದ ಕಾಯಬೇಕಿಲ್ಲ. ಆದರೆ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗವಿದ್ದರೆ ಅದರ ದ್ರಾವಕ ಹೊರಹೋಗಲು 60ರಿಂದ 90 ದಿನ ಬಿಡುವುದು ಕ್ಷೇಮ.

ಇನ್ನು ಟೆಫ್ಲಾನ್. ದೋಸೆ ಕಾವಲಿಗೆ ಟೆಫ್ಲಾನ್ ಹಿಡಿಸಲು 327 ಡಿಗ್ರಿಗೂ ಮೇಲೆ ಕಾಯಿಸಬೇಕು, ಕಾರನ್ನು ಯಾರೂ ಹಾಗೆ ಕಾಯಿಸುವುದಿಲ್ಲ. ಆ ಹೆಸರಿನಲ್ಲಿ ಹಚ್ಚುವುದು ಬಹುತೇಕ ಒಂದು ಬಗೆಯ ಸೀಲಂಟೇ, ಹಾಗಾಗಿ ಹೆಚ್ಚಿನ ಹಣ ಹೋಗುವುದು ಕೂಲಿಗೆ ಮತ್ತು ಹೆಸರಿಗೆ.

ಸ್ನೇಹಿತರ ಮಾತನ್ನೂ ಪೂರ್ತಿ ತಳ್ಳಿಹಾಕಬೇಕಿಲ್ಲ. ಸೀಲಂಟ್ ಹಚ್ಚಿ ಒಂದು ದಿನ ಕಳೆದ ಮೇಲೆ ಅದರ ಮೇಲೆ ವ್ಯಾಕ್ಸ್ ಹಚ್ಚಬಹುದು. ನಾನು ವರ್ಷಕ್ಕೆ ಎರಡು ಸಲ, ಶಿವರಾತ್ರಿಯ ಹೊತ್ತಿಗೆ ಮತ್ತು ಮಳೆಗಾಲ ಮುಗಿಯುವ ಹೊತ್ತಿಗೆ, ಸೀಲಂಟ್ ಹಚ್ಚುತ್ತೇನೆ. ಆಯುಧಪೂಜೆಯ ಹಿಂದಿನ ಸಂಜೆ ಮಾತ್ರ ಬಾನೆಟ್ಟಿಗೆ ಒಂದು ಕೈ ವ್ಯಾಕ್ಸ್ ಸವರುತ್ತೇನೆ. ಹಾಗೆ ಮಾಡತೊಡಗಿದ ಮೇಲೆ ಮರುದಿನ ಹಚ್ಚಿದ ಅರಿಶಿನ, ಕುಂಕುಮ ಉಜ್ಜದೆಯೇ ನೀರಿಗೆ ಹೋಗುತ್ತಿದೆ.